ಸೊಳ್ಳೆಬತ್ತಿಯ ಹೊಗೆ ಮತ್ತು ನಮ್ಮೊಳಗಿನ ಕಾವಲುಗಾರರು

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ರೇಡಿಯೋದಲ್ಲಿ ಆಡಿದ ಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ ಎನ್ನುತ್ತಾರೆ. ಹಾಗೆ ಹೋಗಿಬಿಡುವುದಾಗಿದ್ದರೆ ಈ ಭಾಷಣ ಬರೆಯುವ ಪ್ರಸಂಗವೇ ನನಗೆ ಬರುತ್ತಿರಲಿಲ್ಲ. ಆಡಿದ ಮಾತು ಯಾರದೋ ಮನೆಯಲ್ಲಿ, ಯಾರದೋ ಮಲಗುವ ಕೋಣೆಯಲ್ಲಿ ಕೆಲಸ ಮಾಡುತ್ತಿರುತ್ತದೆ. ಒಳ್ಳೆಯ ಮಾತಾದರೆ ಒಳ್ಳೆಯ ಕೆಲಸ, ಅವಸರದ ಮಾತಾದರೆ ಅವಸರದ ಕೆಲಸ.

ಮಳೆಗಾಲದ ಒಂದು ಸಂಜೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಹಡಪಸರ ಕಡೆಯಿಂದ ಒಬ್ಬ ತಾಯಿ ಕರೆ ಮಾಡಿದ್ದರು. ವಿಜಯಪುರ ಜಿಲ್ಲೆಯ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಹಾಡು ಕೇಳಲು ಮಾಡಿದ ಕರೆ. ಹಾಡಿನ ಹೆಸರು ಹೇಳಿದ ಮೇಲೆ ಸ್ವಲ್ಪ ತಡೆದು, "ಅಕ್ಕಾರ, ಇನ್ನೊಂದು ಮಾತು ಕೇಳ್ಲೇನ್ರಿ? ನಮ್ಮ ಸಣ್ಣಾಂವಗ ರಾತ್ರಿ ಆತಂದ್ರ ಉಬ್ಬಸ ಬರ್ತೈತ್ರಿ. ಡಾಕ್ಟ್ರು ಸೊಳ್ಳಿಬತ್ತಿ ಹಚ್ಚಬ್ಯಾಡ್ರಿ ಅಂತಾರ. ಹಚ್ಚಲಿಲ್ಲಂದ್ರ ಗುಂಗಾಡ ಬಿಡೂದುಲ್ಲ. ಬಾಜೂ ಮನಿ ಹುಡುಗಿ ಡೆಂಗ್ಯೂ ಆಗಿ ಎಂಟು ದಿನ ದವಾಖಾನ್ಯಾಗ ಇದ್ಳು. ನಾ ಯಾವದಕ್ಕ ಅಂಜಲಿ ಹೇಳ್ರಿ?" ಎಂದರು.

ಮುಂದಿನ ಹಾಡಿಗೆ ಹದಿನೈದು ಸೆಕೆಂಡು ಉಳಿದಿತ್ತು. ನಾನು ನಗುತ್ತಲೇ, "ಕಾಯಿಲ್ ಬಿಡ್ರಿ, ಹಿರಿಯರ ಹಾಗೆ ಒಂದಿಷ್ಟು ಬೇವಿನ ಸೊಪ್ಪಿನ ಹೊಗೆ ಹಾಕ್ರಿ" ಎಂದು ಹೇಳಿ ಹಾಡು ಹಚ್ಚಿದೆ. ಕೇಳಲು ಚೆಂದದ ಮಾತು, ಆದರೆ ತಪ್ಪು ಮಾತು. ಉಬ್ಬಸದ ಮಗು ಮಲಗಿರುವ ಕೋಣೆಗೆ ಹೊಗೆ ಹಾಕಿ ಎಂದು ನಾನು ಹೇಳಿದ್ದೆ. ಬೇವಿನದಾದರೇನು, ಲೋಬಾನದ್ದಾದರೇನು, ಕುಳ್ಳಿನದಾದರೇನು, ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದು ಹೊಳೆಯಿತು. ಅಂದಿನಿಂದ ಆ ತಾಯಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ವೈದ್ಯೆಯಲ್ಲ, ಕನ್ನಡ ಬಿ.ಎ. ಓದಿದವಳು. ಆದರೆ ಓದಲು ಬರುತ್ತದೆ, ಕೇಳಲು ಬರುತ್ತದೆ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ತಾಯಿಗೂ ಇದು ತಲುಪಲಿ.

ಮೊದಲು ಕೀಟನಾಶಕಗಳಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರಕಾರಿ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಊರೂರಿಗೆ ಡಿಡಿಟಿ ಪಂಪು ಹೊತ್ತವರು ಬಂದು ಗೋಡೆಗೆ ಔಷಧಿ ಹೊಡೆದು, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದದ್ದು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. 1960ರ ದಶಕದ ಮಧ್ಯದ ಹೊತ್ತಿಗೆ ಮಲೇರಿಯಾ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಡಿಡಿಟಿಗೆ ಕೀಟಗಳನ್ನು ಕೊಲ್ಲುವ ಗುಣವಿದೆ ಎಂದು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ಬಂದದ್ದು ಸುಮ್ಮನೆ ಅಲ್ಲ.

ಆಮೇಲೆ ಅದರ ಇನ್ನೊಂದು ಮುಖ ಕಂಡಿತು. ಡಿಡಿಟಿ, ಗ್ಯಾಮಾಕ್ಸಿನ್ ಪುಡಿಯಲ್ಲಿದ್ದ ಲಿಂಡೇನ್ ಮುಂತಾದವು ಬೇಗ ಕರಗಿ ಹೋಗುವ ವಸ್ತುಗಳಲ್ಲ. ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತವೆ, ತಾಯಿಯ ಹಾಲಿನಲ್ಲೂ ಇಳಿಯುತ್ತವೆ. ಆದ್ದರಿಂದ ಒಂದೊಂದಾಗಿ ಮನೆ ಬಳಕೆಯಿಂದ ಹೊರಗೆ ಹೋದವು. ಅವುಗಳ ಜಾಗಕ್ಕೆ ಬಂದವು ಪೈರೆಥ್ರಾಯ್ಡ್ ಎಂಬ ಗುಂಪಿನವು. ಇಂದು ನಮ್ಮ ಮನೆಯ ಸುರುಳಿ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್, ಜಿರಲೆಗೆ ಹೊಡೆಯುವ ಸ್ಪ್ರೇ, ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ ಇವುಗಳಲ್ಲಿ ಹೆಚ್ಚಾಗಿ ಇರುವುದು ಈ ಗುಂಪಿನ ರಾಸಾಯನಿಕಗಳೇ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅಲೆಥ್ರಿನ್, ಪ್ರಾಲೆಥ್ರಿನ್, ಟ್ರಾನ್ಸ್‌ಫ್ಲುಥ್ರಿನ್, ಸೈಪರ್‌ಮೆಥ್ರಿನ್ ಎಂದು ಬರೆದಿರುತ್ತದೆ, ನೋಡಿ.

ಇದರ ಮೂಲ ಒಂದು ಹೂವು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಸೇವಂತಿಗೆಯ ದೂರದ ಬಂಧುವಾದ ಪೈರೆಥ್ರಮ್ ಎಂಬ ಬಿಳಿ ಹೂವನ್ನು ಒಣಗಿಸಿ ಪುಡಿ ಮಾಡಿದರೆ ಕೀಟಗಳು ಸಾಯುತ್ತವೆ. ಜಪಾನಿನ ಎಯಿಚಿರೊ ಉಯೆಯಾಮ ಎಂಬ ವ್ಯಾಪಾರಿ 1890ರಲ್ಲಿ ಈ ಪುಡಿಯಿಂದ ಊದುಬತ್ತಿಯಂಥ ಕಡ್ಡಿ ಮಾಡಿದ. ಅದು ಬೇಗ ಉರಿದು ಮುಗಿಯುತ್ತಿತ್ತು. ಸುರುಳಿ ಸುತ್ತಿದರೆ ಹೆಚ್ಚು ಹೊತ್ತು ಉರಿಯುತ್ತದೆ ಎಂದು ಸೂಚಿಸಿದವಳು ಅವನ ಹೆಂಡತಿ ಯುಕಿ. ರಾತ್ರಿಯಿಡೀ ಉರಿಯುವ ಸುರುಳಿ ಬತ್ತಿ ಹುಟ್ಟಿದ್ದು ಹೀಗೆ. 1949ರಲ್ಲಿ ಅಮೆರಿಕದ ವಿಜ್ಞಾನಿಗಳು ಹೂವಿನ ಸಹಾಯವಿಲ್ಲದೆ ಅಲೆಥ್ರಿನ್ ತಯಾರಿಸಿದ ಮೇಲೆ ಬತ್ತಿಗೆ ಹೂವು ಬೇಕಾಗಲಿಲ್ಲ.

ಪೈರೆಥ್ರಾಯ್ಡ್ ಸೊಳ್ಳೆಯ ನರಗಳ ಬಾಗಿಲನ್ನು ತೆರೆದಿಟ್ಟುಬಿಡುತ್ತದೆ. ನರ ಒಂದೇ ಸಮ ಮಿಡಿದು ಸೊಳ್ಳೆ ಬೀಳುತ್ತದೆ. ಮನುಷ್ಯನಿಗೂ ನರಗಳಿವೆಯಲ್ಲ, ನಮಗೇಕೆ ಹಾಗಾಗುವುದಿಲ್ಲ? ನಮ್ಮ ದೇಹ ಸೊಳ್ಳೆಗಿಂತ ಬಹಳ ದೊಡ್ಡದು, ಬೆಚ್ಚಗಿರುವುದು. ಅದಕ್ಕಿಂತ ಹೆಚ್ಚಾಗಿ ನಮ್ಮ ಯಕೃತ್ತು ಈ ರಾಸಾಯನಿಕವನ್ನು ಕೆಲವೇ ಗಂಟೆಗಳಲ್ಲಿ ಒಡೆದು ಮೂತ್ರದ ಮೂಲಕ ಹೊರಗೆ ಹಾಕತೊಡಗುತ್ತದೆ. ಇದು ನೆಮ್ಮದಿಯ ಮಾತು. ಆದರೆ ಹಿಂದೆಯೇ ಇನ್ನೊಂದು ಮಾತೂ ಇದೆ. ಹೊರಹಾಕಿದ್ದನ್ನು ನಾವು ಮರುದಿನ ರಾತ್ರಿ ಮತ್ತೆ ಒಳಗೆ ತೆಗೆದುಕೊಳ್ಳುತ್ತೇವೆ, ಅದರ ಮರುದಿನವೂ. ಹೊಲದಲ್ಲಿ ಬಿಸಿಲಿಗೆ ಬೇಗ ಒಡೆದು ಹೋಗುವ ಈ ವಸ್ತು ಬಿಸಿಲು ಬೀಳದ ಮನೆಯೊಳಗೆ ನೆಲದ ಧೂಳಿನಲ್ಲಿ, ಚಾಪೆ ಹಾಸಿಗೆಗಳಲ್ಲಿ ವಾರ ತಿಂಗಳುಗಟ್ಟಲೆ ಉಳಿಯಬಲ್ಲದು. ಆ ನೆಲದ ಮೇಲೆ ಅಂಬೆಗಾಲಿಟ್ಟು, ಅದೇ ಕೈಯನ್ನು ಬಾಯಿಗೆ ಹಾಕುವವರು ಯಾರು ಎಂದು ಹೇಳಬೇಕಿಲ್ಲ.

ಈಗ ನಮ್ಮೊಳಗಿನ ಕಾವಲಿನ ವಿಷಯಕ್ಕೆ ಬರೋಣ. ರೋಗನಿರೋಧಕ ಶಕ್ತಿ ಎಂಬ ಮಾತು ಕೊರೋನಾ ಕಾಲದಿಂದ ಎಲ್ಲರ ಬಾಯಲ್ಲೂ ಇದೆ. ಅದು ಟಾನಿಕ್ಕಿನಂತೆ ಕುಡಿದು ಹೆಚ್ಚಿಸಿಕೊಳ್ಳುವ ಒಂದು ವಸ್ತು ಅಲ್ಲ. ಅದೊಂದು ವಾಡೆಯ ಕಾವಲು ವ್ಯವಸ್ಥೆ ಎಂದುಕೊಳ್ಳಿ. ಚರ್ಮ, ಮೂಗು, ಗಂಟಲು, ಶ್ವಾಸನಾಳದ ಒಳಪೊರೆ, ಇದು ಹೊರಗೋಡೆ. ಶ್ವಾಸನಾಳದಲ್ಲಿ ಸೂಕ್ಷ್ಮ ರೋಮಗಳಿದ್ದು ಧೂಳನ್ನೂ ಕ್ರಿಮಿಗಳನ್ನೂ ಲೋಳೆಯ ಜೊತೆ ಮೇಲಕ್ಕೆ ದೂಡುತ್ತಿರುತ್ತವೆ. ಗೋಡೆ ದಾಟಿ ಬಂದವರನ್ನು ಹಿಡಿದು ನುಂಗಲು ಭಕ್ಷಕ ಕಣಗಳಿವೆ. ಇದು ಮೊದಲ ಪಹರೆ. ಅವರ ಹಿಂದೆ ಹಳೆಯ ಶತ್ರುವಿನ ಗುರುತು ಇಟ್ಟುಕೊಂಡು ಪ್ರತಿಕಾಯ ತಯಾರಿಸುವ, ಸೋಂಕು ತಗಲಿದ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳಿವೆ. ಈ ಕಾವಲು ಮೂರು ರೀತಿಯಲ್ಲಿ ಕೆಡಬಹುದು. ಕಾವಲುಗಾರರು ಮಂಕಾಗಿ ಕಳ್ಳರನ್ನು ಬಿಟ್ಟುಬಿಡಬಹುದು. ಆಗ ಸೋಂಕು ಹೆಚ್ಚುತ್ತದೆ. ನಿರುಪದ್ರವಿ ಧೂಳಿಗೂ ಲಾಠಿ ಎತ್ತಬಹುದು. ಆಗ ಅಲರ್ಜಿ, ಉಬ್ಬಸ. ಇನ್ನು ಮನೆಯವರನ್ನೇ ಕಳ್ಳರೆಂದು ತಿಳಿದು ಹೊಡೆಯಬಹುದು. ಆಗ ರುಮಟಾಯ್ಡ್ ಸಂಧಿವಾತ, ಲೂಪಸ್ ಮುಂತಾದ ಕಾಯಿಲೆ.

ಮನೆಯ ಕೀಟನಾಶಕ ಇವುಗಳಲ್ಲಿ ಯಾವುದನ್ನು ಮಾಡುತ್ತದೆ? ಇಲ್ಲಿ ನಾನು ನಿಧಾನವಾಗಿ ಹೇಳಬೇಕು, ನೀವೂ ನಿಧಾನವಾಗಿ ಓದಬೇಕು. ಏಕೆಂದರೆ ಗೊತ್ತಿರುವುದು ಒಂದೇ ಬಗೆಯದಲ್ಲ.

ಮೊದಲನೆಯದು ಹೊಗೆ. ಸುರುಳಿ ಬತ್ತಿಯಲ್ಲಿ ಕೀಟನಾಶಕ ಇರುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಮರದ ಹೊಟ್ಟು, ತೆಂಗಿನ ಚಿಪ್ಪಿನ ಪುಡಿ, ಅಂಟು, ಬಣ್ಣ. ನಾವು ರಾತ್ರಿಯಿಡೀ ಸುಡುವುದು ಹೆಚ್ಚಾಗಿ ಇದನ್ನೇ. 2003ರಲ್ಲಿ ಅಮೆರಿಕ ಮತ್ತು ಮಲೇಷ್ಯಾದ ಸಂಶೋಧಕರು ಚೀನಾ, ಮಲೇಷ್ಯಾಗಳ ಬತ್ತಿಗಳನ್ನು ಸುಟ್ಟು ಅಳೆದರು. ಒಂದು ಬತ್ತಿ ಬಿಡುವ ಅತಿ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟು ಬಿಡುವಷ್ಟು ಎಂದು ಕಂಡಿತು. ಕೆಲವು ಬತ್ತಿಗಳು ಹೊರಬಿಟ್ಟ ಫಾರ್ಮಾಲ್ಡಿಹೈಡ್ 51 ಸಿಗರೇಟಿನಷ್ಟಿತ್ತು. "ಒಂದು ಬತ್ತಿ ಎಂದರೆ ನೂರು ಸಿಗರೇಟು" ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ನಮ್ಮ ದೇಶದಲ್ಲಿ ಅದನ್ನು ಜನರ ಕಿವಿಗೆ ಹಾಕಿದವರು ಇದೇ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನ ಡಾ. ಸಂದೀಪ ಸಾಳ್ವಿಯವರು. ಈ ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಬತ್ತಿ ಹಚ್ಚಿದವರು ನೂರು ಸಿಗರೇಟು ಸೇದಿದಂತಾಯಿತು ಎಂದು ಅದರ ಅರ್ಥವಲ್ಲ. ಸಿಗರೇಟಿನ ಹೊಗೆ ನೇರವಾಗಿ ಎದೆಗಿಳಿಯುತ್ತದೆ, ಬತ್ತಿಯದು ಕೋಣೆಯಲ್ಲಿ ಹರಡುತ್ತದೆ. ಆದರೆ ಕಿಟಕಿ ಬಾಗಿಲು ಮುಚ್ಚಿದ ಹತ್ತು ಅಡಿಯ ಕೋಣೆಯಲ್ಲಿ ಎಂಟು ಗಂಟೆ ಮಲಗಿದವರಿಗೆ ಅದು ಎಲ್ಲಿಗೆ ಹೋಗಬೇಕು? ಈ ಕಣಗಳು ಶ್ವಾಸನಾಳದ ರೋಮಗಳನ್ನು ಮಂಕು ಮಾಡುತ್ತವೆ. ಕಣಗಳನ್ನು ನುಂಗಿ ನುಂಗಿ ಭಕ್ಷಕ ಕಣಗಳು ಸುಸ್ತಾಗುತ್ತವೆ. ಕ್ರಿಮಿ ಬಂದಾಗ ಅವುಗಳಲ್ಲಿ ತ್ರಾಣವಿರುವುದಿಲ್ಲ. ಉಬ್ಬಸ ಇದ್ದವರಿಗೆ ಹೊಗೆಯೇ ಕಿಡಿ. ಇಷ್ಟು ಗಟ್ಟಿಯಾಗಿ ಹೇಳಬಹುದಾದ ಮಾತು.

ಎರಡನೆಯದು ರಾಸಾಯನಿಕ. ಇಲಿಗಳ ಚರ್ಮಕ್ಕೆ ಪರ್ಮೆಥ್ರಿನ್ ಹಚ್ಚಿ ನೋಡಿದ ಪ್ರಯೋಗಗಳಲ್ಲಿ ಬಿಳಿ ರಕ್ತಕಣಗಳ ತಾಲೀಮು ಮನೆಯಂತಿರುವ ಥೈಮಸ್ ಗ್ರಂಥಿ ಕುಗ್ಗಿತು, ಪ್ರತಿಕಾಯಗಳ ತಯಾರಿಕೆ ತಗ್ಗಿತು. ಡೈಕ್ಲೋರ್‌ವಾಸ್ ಎಂಬ ಇನ್ನೊಂದು ಗುಂಪಿನ ಕೀಟನಾಶಕವನ್ನು ಟೋಕಿಯೋದ ನಿಪ್ಪಾನ್ ವೈದ್ಯಕೀಯ ಕಾಲೇಜಿನ ಚಿಂಗ್ ಲೀ ಮತ್ತು ಸಂಗಡಿಗರು ಗಾಜಿನ ನಳಿಕೆಯಲ್ಲಿ ಮನುಷ್ಯರ ರಕ್ತಕಣಗಳ ಮೇಲೆ ಪರೀಕ್ಷಿಸಿದಾಗ, ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಕಣಗಳ ಬಲ ಕುಂದಿತು. ಈ ಡೈಕ್ಲೋರ್‌ವಾಸ್ ಹಿಂದೆ ನಮ್ಮ ಮನೆಗಳಲ್ಲಿ ಜಿರಲೆ, ತಿಗಣೆಗೆ ಧಾರಾಳವಾಗಿ ಬಳಕೆಯಲ್ಲಿತ್ತು. ಕೇಂದ್ರ ಸರಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದಕ್ಕೆ ನಿಷೇಧವಿದೆ. ಅಟ್ಟದ ಮೇಲೆ ಹಳೆಯ ಶೀಸೆ ಉಳಿದಿದ್ದರೆ ಬಳಸಬೇಡಿ. ಆದರೆ ನೆನಪಿಡಿ, ಇಲಿಗೆ ಹಚ್ಚಿದ ಪ್ರಮಾಣವೂ ನಳಿಕೆಯಲ್ಲಿ ಹಾಕಿದ ಪ್ರಮಾಣವೂ ಮನೆಯ ಗಾಳಿಯ ಪ್ರಮಾಣವಲ್ಲ. ಹೀಗಾಗುವ ದಾರಿ ಇದೆ ಎಂದು ಆ ಪ್ರಯೋಗಗಳು ತೋರಿಸುತ್ತವೆ. ನಮ್ಮ ಮನೆಯಲ್ಲಿ ಹಾಗೆಯೇ ಆಗಿದೆ ಎಂದು ಹೇಳುವುದಿಲ್ಲ.

ಮೂರನೆಯದು ಮನುಷ್ಯರ ಸಮೀಕ್ಷೆ. ಅಮೆರಿಕದಲ್ಲಿ 50ರಿಂದ 79 ವರ್ಷದ, ಮುಟ್ಟು ನಿಂತ 76,861 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮನೆ ಅಥವಾ ಕೆಲಸದ ಜಾಗದಲ್ಲಿ ತಾವೇ ಕೀಟನಾಶಕ ಹೊಡೆದುಕೊಳ್ಳುತ್ತಿದ್ದವರಲ್ಲಿ, ವರ್ಷಕ್ಕೆ ಆರು ಬಾರಿ ಅಥವಾ ಹೆಚ್ಚು ಬಳಸಿದವರಿಗೂ ಇಪ್ಪತ್ತು ವರ್ಷ ಅಥವಾ ಹೆಚ್ಚು ಕಾಲ ಬಳಸಿದವರಿಗೂ ರುಮಟಾಯ್ಡ್ ಸಂಧಿವಾತ ಅಥವಾ ಲೂಪಸ್ ಬರುವ ಸಂಭವ ಬಳಸದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಎರಡು ಪಟ್ಟು ಎಂದ ಕೂಡಲೇ ಎದೆ ಹಾರಬಾರದು. ಇಡೀ ಗುಂಪಿನಲ್ಲಿ ಆ ಕಾಯಿಲೆ ಬಂದವರು 213 ಜನ, ಸಾವಿರಕ್ಕೆ ಮೂವರಿಗಿಂತ ಕಡಿಮೆ. ಸಣ್ಣ ಸಂಭವ ಎರಡು ಪಟ್ಟಾದರೂ ಸಣ್ಣದೇ. ಆದರೆ ಮನೆಗೆಲಸ ಮಾಡುವವರು, ಮೂಲೆ ಮೂಲೆಗೆ ಸ್ಪ್ರೇ ಹೊಡೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು; ಈ ಎರಡು ಕಾಯಿಲೆಗಳೂ ಹೆಚ್ಚಾಗಿ ಬರುವುದು ಹೆಣ್ಣುಮಕ್ಕಳಿಗೇ. ಆದ್ದರಿಂದ ತಳ್ಳಿಹಾಕುವ ಮಾತೂ ಅಲ್ಲ.

ಮಕ್ಕಳ ವಿಷಯದಲ್ಲಿ 2015ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾರ್ವರ್ಡಿನ ಸಂಶೋಧಕರು 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮನೆಯೊಳಗೆ ಕೀಟನಾಶಕ ಬಳಸುತ್ತಿದ್ದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಬರುವ ಸಂಭವ ಶೇ. 47ರಷ್ಟು ಹೆಚ್ಚು ಕಂಡಿತು. ರಕ್ತದ ಕ್ಯಾನ್ಸರ್ ಎಂದರೆ ಬಿಳಿ ರಕ್ತಕಣಗಳೇ, ಅಂದರೆ ನಮ್ಮ ಕಾವಲುಗಾರರೇ ಹದ ತಪ್ಪಿ ಬೆಳೆಯುವ ಕಾಯಿಲೆ. ಇದು ಕೂಡ ಬಹಳ ಅಪರೂಪದ ಕಾಯಿಲೆ. ಇಂಥ ಅಧ್ಯಯನಗಳು ಸಂಬಂಧ ತೋರಿಸುತ್ತವೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಕಾಯಿಲೆ ಬಂದ ಮಗುವಿನ ತಾಯಿ ಹಳೆಯದನ್ನು ಹೆಚ್ಚು ಕೆದಕಿ ನೆನಪು ಮಾಡಿಕೊಂಡಿರಬಹುದು. ಆದ್ದರಿಂದ ಇಂದು ಯಾರ ಮನೆಯಲ್ಲಾದರೂ ಕಾಯಿಲೆಯ ಮಗುವಿದ್ದರೆ, ಆ ತಾಯಿ "ನಾನು ಹೊಡೆದ ಸ್ಪ್ರೇಯಿಂದಲೇ ಆಯಿತು" ಎಂದು ತನ್ನನ್ನು ತಾನು ಸುಟ್ಟುಕೊಳ್ಳಬಾರದು. ಅಧ್ಯಯನ ಮುಂದಿನ ದಾರಿಗೆ ದೀಪವಷ್ಟೇ, ಹಿಂದಿನದಕ್ಕೆ ಶಿಕ್ಷೆಯಲ್ಲ.

ಹಾಗಾದರೆ ಪೂರ್ತಿ ಸಾಬೀತಾಗುವವರೆಗೆ ಕಾಯೋಣವೇ? ಕಾಸರಗೋಡಿನ ಕನ್ನಡಿಗರ ಕತೆಯನ್ನು ನೀವು ಕೇಳಿರಬೇಕು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ಸುತ್ತಲಿನ ಸರಕಾರಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ಮನೆಬಳಕೆಯ ಕೀಟನಾಶಕವಲ್ಲ, ತೋಟದ್ದು. ಆದರೆ ಗುಡ್ಡದ ಮೇಲೆ ಸುರಿದದ್ದು ಕೆಳಗಿನ ಮನೆಗಳ ಅಂಗಳಕ್ಕೆ, ಬಾವಿಗೆ, ಸುರಂಗದ ನೀರಿಗೆ ಇಳಿಯಿತು. ಕರುಗಳು ವಿಕಾರವಾಗಿ ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ ಬರೆದರು. ತಮ್ಮ ಬಳಿ ಬರುವ ರೋಗಿಗಳಲ್ಲಿ ಏನೋ ವಿಚಿತ್ರ ಕಾಣುತ್ತಿದೆ ಎಂದು ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಹೇಳಿದರು. ಸಾಬೀತು ಎಲ್ಲಿ ಎಂದು ಕೇಳುವವರು ಕೇಳುತ್ತಲೇ ಇದ್ದರು. ಸಿಂಪಡಣೆ ನಿಂತಿದ್ದು 2000ದಲ್ಲಿ, ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಹೇಳಿದ್ದು 2017ರಲ್ಲಿ. ಎಂಡೋಸಲ್ಫಾನನ್ನೂ ಸೊಳ್ಳೆಬತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ, ನಾನು ಇಡುವುದೂ ಇಲ್ಲ. ಆ ಊರಿನಿಂದ ಕಲಿಯಬೇಕಾದ ಮಾತು ಇಷ್ಟೇ: ಖರ್ಚಿಲ್ಲದೆ ಮಾಡಬಹುದಾದ ಜಾಗ್ರತೆಗೆ ಕೊನೆಯ ಸಾಬೀತಿನವರೆಗೆ ಕಾಯಬೇಕಿಲ್ಲ.

ಇನ್ನು ತಕ್ಕಡಿಯ ಇನ್ನೊಂದು ತಟ್ಟೆ, ಸೊಳ್ಳೆ. ಪುಣೆಯಲ್ಲಿ ಕೂತು ಸೊಳ್ಳೆಯನ್ನು ಹಗುರವಾಗಿ ಕಾಣುವಂತಿಲ್ಲ. 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಎಂದು ಶುರುವಾಗಿ ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿರುವ ಎನ್‌ಐವಿ ಇರುವುದು ಇಲ್ಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಓಡಿ ಬಂದು ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದವರು ಈ ಸಂಸ್ಥೆಯವರು. ಆ ರೋಗ ಹರಡುವುದು ಸೊಳ್ಳೆಯಿಂದಲ್ಲ, ಉಣ್ಣೆಯಿಂದ. ಮಲೆನಾಡಿನವರು ಕಾಡಿಗೆ ಹೋಗುವ ಮೊದಲು ಮೈಗೆ ಉಣ್ಣೆ ಓಡಿಸುವ ಎಣ್ಣೆ ಹಚ್ಚಿಕೊಳ್ಳುವುದು ಅದಕ್ಕೇ. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ಬೇಲಸರದಲ್ಲಿ 2021ರಲ್ಲಿ ಮಹಾರಾಷ್ಟ್ರದ ಮೊದಲ ಝೀಕಾ ರೋಗಿ ಸಿಕ್ಕರು. 2024ರಲ್ಲಿ ಎರಂಡವಣೆ ಮುಂತಾದ ಕಡೆ ಝೀಕಾ ಮತ್ತೆ ಕಂಡಿತು. ಅದೇ ವರ್ಷ ಫೆಬ್ರುವರಿಯಲ್ಲಿ ಮುಳಾ-ಮುಠಾ ನದಿಯ ಮೇಲೆ ಕೇಶವನಗರ, ಖರಾಡಿ ಕಡೆ ಕೀಟಗಳು ಕಂಬದಂತೆ ಎದ್ದ ದೃಶ್ಯವನ್ನು ಜನ ಮೊಬೈಲಿನಲ್ಲಿ ಹಿಡಿದು "ಸೊಳ್ಳೆಗಳ ಸುಂಟರಗಾಳಿ" ಎಂದು ಕರೆದದ್ದು ನೆನಪಿರಬಹುದು. ಆ ತಾಯಿಯ ಹೆದರಿಕೆ ಸುಳ್ಳಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನನಗೂ ಇದು ತಿಳಿದದ್ದು ಈಗಲೇ. ಡೆಂಗ್ಯೂ, ಚಿಕೂನ್‌ಗುನ್ಯಾ, ಝೀಕಾ ಈ ಮೂರನ್ನೂ ತರುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲು ಹೊತ್ತು. ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಕತ್ತಲಾಗುವ ಮುಂಚೆ ಒಂದಿಷ್ಟು ಹೊತ್ತು ಅದರ ಜೋರು ಹೆಚ್ಚು. ನದಿಯ ಜಲಪರ್ಣಿಯಲ್ಲಿ, ಕೊಳಚೆ ನೀರಿನಲ್ಲಿ ಹುಟ್ಟಿ ರಾತ್ರಿ ಕಿವಿಯ ಬಳಿ ಗುಂಯ್ ಎನ್ನುವುದು ಕ್ಯೂಲೆಕ್ಸ್ ಎಂಬ ಬೇರೆ ಸೊಳ್ಳೆ. ಅಂದರೆ ಡೆಂಗ್ಯೂಗೆ ಅಂಜಿ ರಾತ್ರಿ ಹತ್ತಕ್ಕೆ ಬತ್ತಿ ಹಚ್ಚಿ ಬಾಗಿಲು ಮುಚ್ಚಿದರೆ, ಡೆಂಗ್ಯೂ ಸೊಳ್ಳೆ ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿರುತ್ತದೆ. ಹೊಗೆ ಮಗುವಿಗೆ, ತೊಂದರೆ ತಪ್ಪಿದ್ದು ಬೇರೆ ಸೊಳ್ಳೆಯದು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟರು ಎಂದು ಗಾದೆ. ಇಲ್ಲಿ ಇಲಿಯೂ ಬೇರೆಯದೇ.

ಈಡಿಸ್ ಹುಟ್ಟುವುದು ನಮ್ಮ ಮನೆಯಲ್ಲೇ, ತಿಳಿ ನೀರಿನಲ್ಲಿ. ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ತುಂಬಿಟ್ಟ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರು, ಹೂಕುಂಡದ ಕೆಳಗಿನ ತಾಟು, ತಾರಸಿಯ ಹಳೆಯ ಟಯರು, ಕಟ್ಟಡ ಕೆಲಸದ ಜಾಗದ ನೀರಿನ ಹೊಂಡ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಎಲ್ಲವನ್ನೂ ಬರಿದು ಮಾಡಿದರೆ ಅದರ ವಂಶ ಅಲ್ಲೇ ನಿಲ್ಲುತ್ತದೆ. ಬರಿದು ಮಾಡಿದರೆ ಸಾಲದು, ಬ್ರಷ್ಷಿನಿಂದ ತಿಕ್ಕಬೇಕು. ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ತುಂಬಿಟ್ಟ ನೀರಿಗೆ ಬಿಗಿಯಾದ ಮುಚ್ಚಳ, ಮುಚ್ಚಳವಿಲ್ಲದಿದ್ದರೆ ಹಳೆಯ ಪಂಚೆಯನ್ನಾದರೂ ಕಟ್ಟಿ.

ರಾತ್ರಿಗೆ ಸೊಳ್ಳೆಪರದೆ. ಇಲ್ಲಿಯವರು ಮಚ್ಛರದಾಣಿ ಎನ್ನುವ ಅದೇ ಹಳೆಯ ವಸ್ತು. ಅದಕ್ಕೆ ಕರೆಂಟು ಬೇಡ, ರೀಫಿಲ್ ಬೇಡ, ಹೊಗೆಯಿಲ್ಲ. ಪುಟ್ಟ ಮಗುವಿಗೆ ಹಗಲು ನಿದ್ದೆಯಲ್ಲೂ ಹಾಕಬಹುದು, ಡೆಂಗ್ಯೂಗೆ ಅದೇ ಬೇಕಾದದ್ದು. ಔಷಧಿ ಸವರಿದ ಪರದೆಯಲ್ಲೂ ಪೈರೆಥ್ರಾಯ್ಡ್ ಇರುತ್ತದೆ, ಹೌದು. ಆದರೆ ಅದು ನೂಲಿಗೆ ಅಂಟಿರುತ್ತದೆ, ಹೊಗೆಯಾಗಿ ಎದೆಗಿಳಿಯುವುದಿಲ್ಲ. ಮಲೇರಿಯಾ ಇರುವ ಕಡೆ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೂ ಮಕ್ಕಳಿಗೂ ಅದನ್ನೇ ಹೇಳುತ್ತದೆ. ಕಿಟಕಿಗೆ ಜಾಳಿಗೆ ಹಾಕಿಸಿ. ಬಾಡಿಗೆ ಮನೆಯಾದರೆ ಅಂಟಿಸಿ ತೆಗೆಯುವ ಬಲೆಯೂ ಸಿಗುತ್ತದೆ. ಫ್ಯಾನು ಜೋರಾಗಿ ತಿರುಗಲಿ, ಸೊಳ್ಳೆ ಗಾಳಿಗೆ ಎದುರು ಹಾರಲಾರದು.

ಬತ್ತಿ, ಲಿಕ್ವಿಡ್ ಇಲ್ಲದೆ ಆಗುವುದೇ ಇಲ್ಲ ಎನ್ನುವ ಮನೆಗಳೂ ಇವೆ. ಕಟ್ಟಡ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿರುವ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಜನಕ್ಕೆ ಜಾಳಿಗೆ ಹಾಕಿಸಿ ಎಂದರೆ ಎಲ್ಲಿಗೆ ಹಾಕಬೇಕು? ಅಂಥಲ್ಲಿ ಇಷ್ಟಾದರೂ ಮಾಡಿ. ಹೊಗೆಯ ಬತ್ತಿಗಿಂತ ಲಿಕ್ವಿಡ್ ಮೇಲು, ಅದರಲ್ಲಿ ಸುಡುವ ಕಣಗಳಿಲ್ಲ. ಬತ್ತಿಯೇ ಆದರೆ ಮಲಗುವ ಮುಂಚೆ ಹಚ್ಚಿ, ಮಲಗುವಾಗ ಹೊರಗಿಡಿ. ಯಾವುದೇ ಆಗಲಿ, ಗಾಳಿ ಆಡುವಂತೆ ಒಂದು ಕಿಟಕಿ ತೆರೆದಿರಲಿ, ಮಗುವಿನ ತಲೆಯ ಹತ್ತಿರ ಬೇಡ. ಡಬ್ಬಿಯ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಸಂತೆಯಲ್ಲಿ ಸಿಗುವ, ಹೆಸರು ಊರು ಇಲ್ಲದ ಸೊಳ್ಳೆ ಅಗರಬತ್ತಿ ಕೊಳ್ಳಬೇಡಿ. ಅದರಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಜಿರಲೆಗೆ ಮನೆಯೆಲ್ಲ ಸ್ಪ್ರೇ ಹೊಡೆಯುವ ಬದಲು ಮೂಲೆಯಲ್ಲಿ ಚುಕ್ಕೆಯಿಡುವ ಜೆಲ್ ಬಳಸಿ. ಜಿರಲೆಯನ್ನು ಸುಮ್ಮನೆ ಬಿಟ್ಟರೂ ತೊಂದರೆಯೇ, ಅದರ ಹೊಲಸಿನಿಂದಲೂ ಉಬ್ಬಸ ಕೆರಳುತ್ತದೆ.

ಪೆಸ್ಟ್ ಕಂಟ್ರೋಲಿನವರನ್ನು ಕರೆಸಿದರೆ ಯಾವ ಔಷಧಿ, ಎಷ್ಟು ಹೊತ್ತು ಮನೆ ಬಿಡಬೇಕು ಎಂದು ಬರೆಸಿಕೊಳ್ಳಿ. ಅವರು ಹೇಳಿದ ಹೊತ್ತಿಗಿಂತ ಮುಂಚೆ ಒಳಗೆ ಕಾಲಿಡಬೇಡಿ. ಬಂದ ಕೂಡಲೇ ಎಲ್ಲ ಕಿಟಕಿ ತೆರೆದು, ನೆಲ ಒರೆಸಿದ ಮೇಲೆ ಮಕ್ಕಳನ್ನು ಕರೆದುಕೊಳ್ಳಿ. 2020ರ ಫೆಬ್ರುವರಿಯಲ್ಲಿ ಇದೇ ಪುಣೆಯಲ್ಲಿ, ಔಷಧಿ ಹೊಡೆಸಿದ ಮನೆಗೆ ಮರಳಿದ ದಂಪತಿ ತೀರಿಕೊಂಡರು. ಅದು ನಿಧಾನದ ಪರಿಣಾಮವಲ್ಲ, ನೇರ ವಿಷ.

ಕೊನೆಗೆ ಹಡಪಸರದ ಆ ತಾಯಿಗೆ.

ತಂಗೀ, ಅವತ್ತು ನಾನು ಹೇಳಿದ್ದು ತಪ್ಪು. ಬೇವಿನ ಹೊಗೆಯನ್ನೂ ಹಾಕಬೇಡಿ. ನಿಮ್ಮ ಡಾಕ್ಟರು ಹೇಳಿದ್ದೇ ಸರಿ. ಯಾವುದಕ್ಕೆ ಅಂಜಲಿ ಎಂದು ಕೇಳಿದಿರಿ. ಎರಡಕ್ಕೂ ಒಂದಿಷ್ಟು ಅಂಜಬೇಕು, ಆದರೆ ಎರಡಕ್ಕೂ ಒಂದೇ ಹೊತ್ತಿನಲ್ಲಿ ಅಲ್ಲ. ಹಗಲು ಹೊತ್ತು ಡೆಂಗ್ಯೂ ಸೊಳ್ಳೆಗೆ ಅಂಜಿ. ಮಗನಿಗೆ ತುಂಬು ತೋಳಿನ ಅಂಗಿ ಹಾಕಿ, ರವಿವಾರಕ್ಕೊಮ್ಮೆ ಡ್ರಮ್ಮು ತಿಕ್ಕಿ, ಬಾಜೂ ಮನೆಯವರಿಗೂ ತಿಕ್ಕಲು ಹೇಳಿ. ಏಕೆಂದರೆ ಅವರ ಡ್ರಮ್ಮಿನ ಸೊಳ್ಳೆಗೆ ನಿಮ್ಮ ಬಾಗಿಲು ದೂರವಲ್ಲ. ರಾತ್ರಿ ಹೊಗೆಗೆ ಅಂಜಿ. ಪರದೆ ಕಟ್ಟಿ ಅವನನ್ನು ಒಳಗೆ ಮಲಗಿಸಿ. ಉಬ್ಬಸದ ಔಷಧಿಯನ್ನು ಡಾಕ್ಟರು ಬಿಡಿಸುವವರೆಗೆ ಬಿಡಬೇಡಿ, ಇನ್‌ಹೇಲರ್ ಎಂದರೆ ಚಟ ಹಿಡಿಯುತ್ತದೆ ಎನ್ನುವವರ ಮಾತು ಕೇಳಬೇಡಿ. ಇನ್ನೊಮ್ಮೆ ಕರೆ ಮಾಡಿ. ನೀವು ಕೇಳಿದ ಹಾಡನ್ನು ಅವತ್ತು ಅರ್ಧಕ್ಕೇ ನಿಲ್ಲಿಸಿದ್ದೆವು, ಈ ಸಲ ಪೂರ್ತಿ ಹಾಕುತ್ತೇನೆ.

ಓದುಗ ಮಿತ್ರರೇ, ಇಂದು ಸಂಜೆ ಕಾರ್ಯಕ್ರಮ ಶುರುವಾಗುವ ಮುಂಚೆ ನಿಮ್ಮ ಫ್ರಿಜ್ಜಿನ ಹಿಂದಿನ ತಟ್ಟೆಯನ್ನು ಒಮ್ಮೆ ಎಳೆದು ನೋಡಿ. ನಾನು ನನ್ನ ಮನೆಯದನ್ನು ನೋಡಿದೆ. ನೀರಿತ್ತು, ನೀರಿನಲ್ಲಿ ಮರಿಗಳೂ ಇದ್ದವು.